ಬೂದಿಯಲ್ಲಿ ಸಿಕ್ಕ ತಾಮ್ರದ ಕಾಸು

“ಗಂಟಲ್ಲಿ ಏನಿದೆ ಸಾರ್?” ಯಲಹಂಕ ಠಾಣೆಯ ಬಾಗಿಲಲ್ಲಿ ಪೇದೆ ದಾಸಪ್ಪ ಅಡ್ಡ ನಿಂತು ಕೇಳಿದ.

“ನಿನ್ ತಲೆ ಇದೆ. ಒಂದು ಜಮಖಾನ, ಒಂದು ದಿಂಬು, ಒಂದು ಲುಂಗಿ. ಬಿಚ್ಚಿ ನೋಡ್ತೀಯೇನು? ನೀನು ಈ ಟೋಪಿ ಹಾಕೋಕೆ ಮುಂಚೆನೇ ನಾನು ಈ ಠಾಣೇಲಿ ಡ್ಯೂಟಿ ಮಾಡ್ದೋನು ಕಣಯ್ಯಾ.”

ದಾಸಪ್ಪ ಹಲ್ಲು ಬಿಟ್ಟು ಪಕ್ಕಕ್ಕೆ ಸರಿದ.

ನಿಜ ಹೇಳಬೇಕೆಂದರೆ ಗಂಟು ನನ್ನದಲ್ಲ. ಅಬ್ಬಿಗೆರೆಯ ಪಿಳ್ಳಣ್ಣ ಅದನ್ನು ಹಿಡಿದುಕೊಂಡು ಬೆಳಿಗ್ಗೆಯಿಂದ ಠಾಣೆಯ ಕಾಂಪೌಂಡಿನ ಹೊರಗೆ ನಡುಗುತ್ತ ನಿಂತಿದ್ದ. “ನನ್ನ ಒಳೀಕ್ ಬಿಡ್ತಿಲ್ಲ ಬೈರಣ್ಣೋರೇ. ಸಾಬ್ರು ಬರೀ ನೆಲದ್ ಮೇಲೆ ಮಲಗವ್ರಂತೆ. ಧನುರ್ಮಾಸದ ಚಳಿ ಇದು. ನೀವಾದ್ರೂ ಕೊಟ್ಬಿಡಿ” ಎಂದ. ಪಾಪ ಅನ್ನಿಸಿ ಗಂಟು ಇಸಿದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಹೋಗಲು ನನಗೂ ಒಂದು ನೆಪ ಬೇಕಿತ್ತು.

ಬೈರಣ್ಣನನ್ನು ಕೈದಿಯ ಹತ್ತಿರ ಬಿಡಕೂಡದೆಂದು ಇನ್‌ಸ್ಪೆಕ್ಟರ್ ಚಿಕ್ಕಹನುಮಯ್ಯನ ಅಪ್ಪಣೆಯಾಗಿತ್ತು. ಪುಣ್ಯಕ್ಕೆ ಅವತ್ತು ಅವನು ಪೇಟೆಗೆ ಹೋಗಿದ್ದ. ಇದೇ ಚಿಕ್ಕಹನುಮಯ್ಯನಿಗೆ ಲಾಠಿ ಹಿಡಿಯುವುದು ಹೇಗೆಂದು ಕಲಿಸಿಕೊಟ್ಟವನು ನಾನು. ನಾನು ಕೆಲಸ ಬಿಟ್ಟು ಯಶವಂತಪುರದಲ್ಲಿ ಖಾಸಗಿ ಪತ್ತೇದಾರಿಯ ಬೋರ್ಡು ಹಾಕಿಕೊಂಡು ನೊಣ ಹೊಡೆಯುತ್ತಿದ್ದೇನೆ. ಅವನಿಗೆ ಜೀಪು, ಪೇಪರಿನಲ್ಲಿ ಫೋಟೋ. ಆ ಜೀಪಿನ ಸದ್ದು ಕೇಳಿದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಮುಚ್ಚಿಡುವುದೇನು ಬಂತು, ಉರಿಯುತ್ತದೆ.

ಯಲಹಂಕದಲ್ಲಿ ಹಾವು ಹಿಡಿಯುತ್ತಿದ್ದ ವೆಂಕಟಸ್ವಾಮಿಯ ಜೊತೆ ಮರಳುಗಾಡಿಗೆ ಹೋಗಿ ಹಾವು ತಂದ ಮುಜಫ್ಫರನೇ ಆ ಹಾವಿನಿಂದ ವೆಂಕಟಸ್ವಾಮಿಯನ್ನು ಕೊಲ್ಲಿಸಿದ ಎಂಬುದು ಚಿಕ್ಕಹನುಮಯ್ಯನ ವಾದ. ಸಂಜೆ ಕೋರ್ಟಿಗೆ ಹಾಜರುಪಡಿಸುವುದಿತ್ತು. ಅಷ್ಟರೊಳಗೆ ನಾನು ಏನಾದರೂ ಹುಡುಕದಿದ್ದರೆ ಮುಜಫ್ಫರನ ಕುತ್ತಿಗೆಗೆ ಹಗ್ಗ, ಚಿಕ್ಕಹನುಮಯ್ಯನಿಗೆ ಇನ್ನೊಂದು ಫೋಟೋ. ಎರಡರಲ್ಲಿ ಯಾವುದು ನನಗೆ ಹೆಚ್ಚು ನೋವಾಗುತ್ತಿತ್ತು ಎಂದು ದಯವಿಟ್ಟು ಕೇಳಬೇಡಿ.

ಮುಜಫ್ಫರ್ ಲಾಕಪ್ಪಿನ ಗೋಡೆಗೊರಗಿ ಕೂತಿದ್ದ. ಕ್ಯಾಮೆರಾ ಹಿಡಿದು ಹಾವಿನ ಹಿಂದೆ ಅಲೆಯುವ ಸಣಕಲು ಆಳು. ಮರಳುಗಾಡಿನ ಬಿಸಿಲಿಗೆ ಸುಟ್ಟ ಮೂಗಿನ ಸಿಪ್ಪೆ ಇನ್ನೂ ಸುಲಿಯುತ್ತಿತ್ತು.

“ಇದು ಪಿಳ್ಳಣ್ಣ ಕಳಿಸಿದ್ದು” ಎಂದೆ.

“ಪಿಳ್ಳಣ್ಣನಾ?” ಅವನ ಕಣ್ಣು ತುಂಬಿತು. “ನನ್ ಮುಖ ಕಂಡ್ರೆ ಆಗ್ತಿರಲಿಲ್ಲ ಅವ್ರಿಗೆ. ನಾವು ರೈಲು ಹತ್ತಿದ ದಿನ ಸ್ಟೇಷನ್ನಿಗೆ ಬಂದು ಕಂಬದ ಹಾಗೆ ನಿಂತಿದ್ರು, ಒಂದ್ ಮಾತೂ ಆಡ್ಲಿಲ್ಲ. ಚಿಕ್ಕಂದಿನಿಂದ ವೆಂಕಟಸ್ವಾಮಿಯವರ ಜೊತೆ ಹಾವು ಹಿಡಿದೋರು ಅವ್ರು. ನಾನು ಮೊನ್ನೆ ಬಂದೋನು ಸಾಬ್.”

“ಎಲ್ಲಿ ಇಡ್ಲಿ ಇದನ್ನ?”

“ಆ ಮೂಲೇಲಿ. ಮಧ್ಯಾಹ್ನದ ಮೇಲೆ ಅಲ್ಲಿಗೆ ಬಿಸಿಲು ಬರುತ್ತೆ. ಆಗ ಸ್ವಲ್ಪ ಒರಗ್ತೀನಿ. ರಾತ್ರಿಯೆಲ್ಲ ಚಳಿ, ನಿದ್ದೇನೇ ಇಲ್ಲ.”

ಗಂಟನ್ನು ಮೂಲೆಯಲ್ಲಿಟ್ಟು ಬಿಚ್ಚಿದೆ. ಜಮಖಾನದ ಮೇಲೆ ದಿಂಬನ್ನಿಟ್ಟೆ. ದಿಂಬಿನ ಬಾಯಿಯನ್ನು ಗೋಣಿ ಹೊಲಿಯುವ ದಾರದಿಂದ ಒಡ್ಡೊಡ್ಡಾಗಿ ಹೊಲಿದಿತ್ತು. ಗಂಡಸರು ಹೊಲಿದರೆ ಹೀಗೇ ಎಂದುಕೊಂಡೆ.

“ಆ ಹಾವಿನ ವಿಷಯ ಹೇಳು. ಹೇಗೆ ಹುಡುಕಿದ್ರಿ?”

ಅದೊಂದು ಮಾತು ಸಾಕಾಯಿತು. ತಾನು ಸರಳಿನ ಹಿಂದಿದ್ದೇನೆ ಎನ್ನುವುದನ್ನೇ ಅವನು ಮರೆತ.

“ಜೈಸಲ್ಮೇರಿನಿಂದ ಆಚೆಗೆ ಒಂಟೆ ಮೇಲೆ ಹೋದ್ವಿ. ಬೆಳಿಗ್ಗೆ ಗಾಳಿ ಏಳೋಕೆ ಮುಂಚೆ ಮರಳು ನೋಡ್ಬೇಕು ಸಾಬ್. ರಾತ್ರಿ ಯಾರ್‍ಯಾರು ಓಡಾಡಿದ್ರೋ ಎಲ್ಲಾ ಅದರ ಮೇಲೆ ಮೂಡಿರುತ್ತೆ. ನರಿ ಹೆಜ್ಜೆ, ಇಲಿ ಕುಪ್ಪಳಿಸಿದ್ದು, ಮುಳ್ಳುಬಾಲದ ಉಡ ಬಾಲ ಎಳಕೊಂಡು ಬಿಲಕ್ಕೆ ಹೋಗಿದ್ದು. ವೆಂಕಟಸ್ವಾಮಿಯವರು ಮಗು ಹಾಗೆ ಮಂಡಿಯೂರಿ ತೆವಳ್ತಿದ್ರು. ಹೆಬ್ಬಾಳದ ಕೆರೆ ಪಕ್ಕ ಹಾವಿನ ಮನೆ ಕಟ್ಟಿಸ್ತೀನಿ, ಈ ಮರಳನ್ನೇ ಹಾಸ್ತೀನಿ ಅಂತ ಒಂದು ಮೂಟೆ ಮರಳೂ ತುಂಬಿಸಿದ್ರು.”

“ಹಾವು?”

“ಗರಗಸ ಮಂಡಲ. ನಮ್ಮ ಕಡೆ ಒಂದು ಗೇಣಿನದು ಸಿಗುತ್ತೆ, ಅಲ್ಲಿಯದು ಅದರ ಎರಡರಷ್ಟು. ಬೇರೆ ಹಾವಿನ ಹಾಗೆ ಅದು ಉದ್ದಕ್ಕೆ ಹರಿಯಲ್ಲ. ಮೈಯನ್ನ ಅಡ್ಡಡ್ಡ ಎತ್ತಿ ಹಾಕ್ಕೊಂಡು ಹೋಗುತ್ತೆ. ಮರಳಿನ ಮೇಲೆ ಹೀಗೆ, ಒಂದೊಂದೇ ಓರೆ ಗೀಟು.” ಅವನು ನೆಲದ ಧೂಳಿನಲ್ಲಿ ಬೆರಳಿನಿಂದ ಬಿಡಿಬಿಡಿಯಾಗಿ ಗೀಟೆಳೆದು ತೋರಿಸಿದ. “ಚಳಿಗೆ ಹಗ್ಗದ ಹಾಗೆ ಬಿದ್ದಿರುತ್ತೆ, ಎತ್ತಿದ್ರೂ ಎಚ್ಚರ ಇರಲ್ಲ. ಬಿಸಿ ತಾಗಿತು ಅನ್ನಿ, ಮೈಗೆ ಮೈ ಉಜ್ಜಿ ಒಂದು ಸದ್ದು ಮಾಡುತ್ತೆ. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ಆ ಸದ್ದು ಕೇಳಿದ ಮೇಲೆ ಅಲುಗಾಡಬಾರದು.”

ನಾನು ಗುಂತಕಲ್ಲಿನಿಂದ ಆಚೆಗೆ ರೈಲಿನಲ್ಲಿ ಹೋದವನಲ್ಲ. ಒಂಟೆ ನೋಡಿದ್ದು ಸರ್ಕಸ್ಸಿನಲ್ಲಿ. ಲಾಕಪ್ಪಿನಲ್ಲಿ ಕೂತವನ ಮೇಲೂ ಹೊಟ್ಟೆಕಿಚ್ಚುಪಟ್ಟ ಮಹಾನುಭಾವ ಯಲಹಂಕ ಹೋಬಳಿಯಲ್ಲಿ ನಾನೊಬ್ಬನೇ ಇರಬೇಕು.

“ಚೀಲ ಕಟ್ಟಿದ್ದು ಯಾರು?”

“ನಾನೇ. ನಮ್ಮಲ್ಲಿ ಕಟ್ಟಿದವನೇ ಬಿಚ್ಚಬೇಕು, ಇನ್ನೊಬ್ಬರು ಕೈ ಹಾಕಬಾರದು. ಅವ್ರೇ ಕಲಿಸಿದ ಕಾನೂನು. ಬಂದ ರಾತ್ರಿ ಎಲ್ಲರೂ ಅವ್ರ ಮನೇಲೇ ಊಟ ಮಾಡಿದ್ವಿ. ಆಮೇಲೆ ನಾನು ಆರ್.ಟಿ. ನಗರಕ್ಕೆ ಫರೀದಾ ಅಕ್ಕನ ಮನೆಗೆ ಹೋದೆ, ಬೆಳಿಗ್ಗೆ ಬಂದು ಬಿಚ್ಚೋಣ ಅಂತ. ಅಷ್ಟರಲ್ಲಿ ಅವ್ರು ಯಾಕೆ ಕೈ ಹಾಕಿದ್ರೋ, ಅಲ್ಲಾಗೇ ಗೊತ್ತು.”

ಅದನ್ನೇ ಚಿಕ್ಕಹನುಮಯ್ಯ ಹಿಡಿದುಕೊಂಡಿದ್ದ. ಕಟ್ಟಿದವನು ಬೇಕೆಂದೇ ಸಡಿಲ ಬಿಟ್ಟ, ಹಾವು ಹಿಡಿದ ಹೆಸರು ತನಗೊಬ್ಬನಿಗೇ ಬರಲೆಂದು. ಕೇಳಿದವರಿಗೆ ಹೌದೆನ್ನಿಸುವ ಮಾತು. ಅವನ ಮಾತುಗಳೆಲ್ಲ ಹಾಗೆಯೇ, ಅದೇ ನನಗೆ ತಡೆಯಲಾಗದ್ದು.

ಠಾಣೆಯಿಂದ ನೇರವಾಗಿ ವೆಂಕಟಸ್ವಾಮಿಯ ಮನೆಗೆ ಸೈಕಲ್ ತುಳಿದೆ.

ಹಿತ್ತಲಿನಲ್ಲಿ ತಗಡಿನ ಕೊಟ್ಟಿಗೆ. ಅದರೊಳಗೆ ಕಲ್ಲಿನ ಬಾನಿ, ಬಾನಿಯ ತುಂಬ ಆ ಮರಳುಗಾಡಿನ ಮರಳು. ಚೀಲದಿಂದ ಹಾವನ್ನು ಅದಕ್ಕೆ ಕೊಡವಬೇಕಾದರೆ ವೆಂಕಟಸ್ವಾಮಿಗೆ ಕಚ್ಚಿದ್ದು. ಚಿಕ್ಕಹನುಮಯ್ಯ ಇಲ್ಲಿಗೆ ಬಂದು ಬಾಗಿಲಿನಿಂದಲೇ ಇಣುಕಿ ಹೋಗಿದ್ದನಂತೆ. ಹಾವೆಂದರೆ ಅವನಿಗೆ ಮೊದಲಿನಿಂದಲೂ ಜೀವ ಹೋಗುತ್ತದೆ. ಅವನಾದ ಮೇಲೆ ಒಳಗೆ ಯಾರೂ ಕಾಲಿಟ್ಟಿರಲಿಲ್ಲ.

ಬಾನಿಯ ಮೇಲೆ ಬಗ್ಗಿ ನೋಡಿದೆ. ಮರಳಿನ ಮೇಲೆ ಹಾವು ಹರಿದ ಗುರುತು ಹಾಗೇ ಇತ್ತು. ಒಂದೇ ಗೆರೆ. ಅಂಕುಡೊಂಕಾಗಿ, ಎಲ್ಲೂ ಕಡಿಯದೆ, ಬಾನಿಯ ಅಂಚಿನವರೆಗೆ.

ಮುಜಫ್ಫರ್ ಎಳೆದು ತೋರಿಸಿದ ಓರೆ ಗೀಟು ಒಂದೂ ಇರಲಿಲ್ಲ.

ಆ ಬಾನಿಯಲ್ಲಿ ಹರಿದದ್ದು ಮರಳುಗಾಡಿನ ಹಾವಲ್ಲ! ಕಚ್ಚಿದ್ದೇ ಬೇರೆ ಹಾವು!

ಸತ್ತ ಹಾವನ್ನು ಹಿತ್ತಲಲ್ಲಿ ಸುಟ್ಟರೆಂದು ಪೊಲೀಸರು ಬರೆದುಕೊಂಡಿದ್ದರು. ಎಲ್ಲಿ ಸುಟ್ಟರೆಂದು ಯಾರೂ ನೋಡಿರಲಿಲ್ಲ. ಹುಡುಕಿದೆ. ಹೊಂಗೆ ಮರದ ಬುಡದಲ್ಲಿ, ಸಗಣಿ ಸಾರಿಸಿದ ಜಾಗದಲ್ಲಿ ಒಂದು ಹಿಡಿ ಬೂದಿ. ಸುತ್ತ ಗಂಧದ ಚೆಕ್ಕೆಯ ಚೂರು, ಮಣ್ಣಿಗಿನ್ನೂ ತುಪ್ಪದ ಜಿಡ್ಡು. ಬೂದಿಯನ್ನು ಕಡ್ಡಿಯಿಂದ ಕೆದಕಿದಾಗ ಏನೋ ಟಿಣ್ಣೆಂದಿತು. ಕಪ್ಪಗಾದ ಒಂದು ತಾಮ್ರದ ಕಾಸು.

ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಂಡಲ ಸತ್ತರೆ ನಮ್ಮ ಜನ ಕೋಲಿನಲ್ಲಿ ಎತ್ತಿ ಬೇಲಿಯಾಚೆ ಎಸೆಯುತ್ತಾರೆ. ಬಾಯಿಗೆ ಕಾಸಿಟ್ಟು, ತುಪ್ಪ ಹಾಕಿ, ಗಂಧದ ಚೆಕ್ಕೆಯಲ್ಲಿ ಸುಡುವುದು ಒಂದೇ ಹಾವಿಗೆ.

ಹಿಂಬಾಗಿಲಲ್ಲಿ ವೆಂಕಟಸ್ವಾಮಿಯ ಹೆಂಡತಿ ಮುನಿಕೃಷ್ಣಮ್ಮ ನಿಂತು ನನ್ನ ಕೈಯಲ್ಲಿದ್ದ ಕಾಸನ್ನೇ ನೋಡುತ್ತಿದ್ದಳು. ಬರಿದಾದ ಹಣೆ, ಊದಿಕೊಂಡ ಕಣ್ಣು.

“ನಾಗರಹಾವು ಅಲ್ವೇನಮ್ಮಾ?”

ಆಕೆ ಒಳಗಡೆ ತಿರುಗಿ ನೋಡಿ ಬಾಗಿಲು ಮುಂದಕ್ಕೆಳೆದುಕೊಂಡಳು. “ಮೆತ್ತಗ್ ಮಾತಾಡಿ ಸಾಮಿ. ಮಗಳು ಒಳ್ಗವ್ಳೆ, ತುಂಬಿದ ಬಸುರಿ. ನಾಗಪ್ಪನ್ನ ಒಡೆದ ಮನೆ ಅಂತ ಬೀಗ್ರಿಗೆ ಗೊತ್ತಾದ್ರೆ ಅವ್ಳನ್ನ ಇಲ್ಲೇ ಬಿಟ್ಬಿಡ್ತಾರೆ. ಅವ್ರು ಕೂಗ್ಕೊಂಡ್ರು, ನಾನ್ ಓಡೋದೆ. ಎಡೆ ಎತ್ಕಂಡು ನಿಂತಿತ್ತು. ಕೈಗೆ ಸಿಕ್ಕಿದ್ ಒನಕೇಲಿ ಒಡೆದ್ಬಿಟ್ಟೆ. ನನ್ ಕೈಯಾರೆ ಒಡೆದ್ಬಿಟ್ಟೆ.”

“ಪೊಲೀಸರಿಗೆ ಮರಳುಗಾಡಿನ ಹಾವು ಅಂತ ಹೇಳಿದ್ರಲ್ಲ. ಆ ಹುಡುಗನ ಜೀವ ಹೋಗುತ್ತೆ ಅಂತ ಅನ್ನಿಸಲಿಲ್ವಾ?”

“ಪಿಳ್ಳಣ್ಣ ಅಂಗೇ ಏಳಿ ಅಂದ. ಮಗಳ ಒಟ್ಟೇಲಿರೋ ಕೂಸಿಗೆ ಒಳ್ಳೇದಾಗ್ಬೇಕಲ್ಲ ಅತ್ಗೆ, ಯಾವ ಆವಾದ್ರೇನು, ಕಟ್ದೋನು ಸಾಬ್ರೇ ತಾನೇ ಅಂದ. ನಂಗೂ ಅದು ಸರಿ ಅನ್ನಿಸ್ತು.” ಸೆರಗಿನಿಂದ ಮುಖ ಒತ್ತಿಕೊಂಡಳು. “ಸಂಸ್ಕಾರ ಮಾಡಿದ್ದೂ ಅವ್ನೇ. ಇವ್ರನ್ನ ಅಕ್ಕಪಕ್ಕದೋರು ಕಾರಲ್ಲಾಕ್ಕೊಂಡು ಆಸ್ಪತ್ರೆಗೆ ಓಗಿದ್ರು. ಆವಿನ ಮ್ಯಾಲೆ ಮಂಕರಿ ಕವುಚಿ ಕುಂತಿದ್ದೆ. ಪಿಳ್ಳಣ್ಣ ಬಂದೋನೇ, ‘ಅತ್ಗೆ, ನಾಗಪ್ಪುಂಗೆ ಸಂಸ್ಕಾರ ಆಯ್ತಾ?’ ಅಂತ ಕೇಳ್ದ.”

“ಮಂಕರಿ ಎತ್ತಿ ನೋಡಿ ಕೇಳಿದ್ನಾ?”

“ಇಲ್ಲ, ಎತ್ತೋಕೆ ಮುಂಚೇನೇ...”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಇನ್ನೊಂದು ಹೇಳಿ. ಕಟ್ಟಿದವನು ಬರೋಕೆ ಮುಂಚೆ ನಿಮ್ಮೋರು ಆ ಚೀಲಕ್ಕೆ ಯಾಕೆ ಕೈ ಹಾಕಿದ್ರು?”

ಆಕೆ ಹೇಳಿದಳು. ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಜಾಲಹಳ್ಳಿಯ ಅಡ್ಡದಾರಿ ಹಿಡಿದು ಅಬ್ಬಿಗೆರೆ ಸೇರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಪಿಳ್ಳಣ್ಣ ಮನೆಯ ಜಗಲಿಯ ಮೇಲೆ ಕೂತು ಹಾವಿನ ಚೀಲವೊಂದಕ್ಕೆ ತೇಪೆ ಹಾಕುತ್ತಿದ್ದ. ಒಳಗೆ ಅವನ ಹೆಂಡತಿ ಕೆಮ್ಮುತ್ತಿದ್ದಳು. ನಾನು ಸೈಕಲ್ಲಿನಿಂದ ಇಳಿದವನೇ ಕಾಸನ್ನು ಅವನ ಮುಂದೆ ಎಸೆದೆ.

“ನಿಂದೇನಪ್ಪಾ ಇದು?”

ಅವನು ಕಾಸನ್ನು ನೋಡಿದ. ಸೂಜಿ ಹಿಡಿದ ಕೈ ನಿಂತಿತು.

“ಮಂಕರಿ ಎತ್ತದೆ ಒಳಗಿರೋದು ನಾಗಪ್ಪ ಅಂತ ಹೇಗೆ ಗೊತ್ತಾಯ್ತು ನಿಂಗೆ?”

“ಯಾರೋ ಅಂದ್ರು.”

“ಯಾರು? ನೋಡಿದ್ದು ಮುನಿಕೃಷ್ಣಮ್ಮ ಒಬ್ಬಳೇ. ಅವಳು ಬಾಯಿ ಬಿಟ್ಟಿರಲಿಲ್ಲ.”

ಅವನು ಕಾಸನ್ನು ಎತ್ತಿ ಪಂಚೆಯ ಚುಂಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ.

“ತಿಪ್ಪೆಗೆ ಎಸೆದು ಮಂಡಲ ಅಂತ ಏಳಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಗೊತ್ತು ನಂಗೆ. ಆದ್ರೆ ನಾಗಪ್ಪ ಅಲ್ವಾ ಬೈರಣ್ಣೋರೇ. ನಾನೇ ಇಡ್ಕೊಂಡೋಗಿದ್ದು. ಸಂಸ್ಕಾರ ಇಲ್ದಂಗೆ ಎಂಗ್ ಬಿಡ್ಲಿ?”

“ಥೂ! ಹಾವಿಗೆ ಕಾಸಿಟ್ಟೆ. ಸತ್ತ ಮನುಷ್ಯನಿಗೆ ಏನಿಟ್ಟೆ?”

“ಅಣ್ಣುಂಗಲ್ಲ ನಾನಿಟ್ಟಿದ್ದು!” ಅವನು ಎದ್ದು ನಿಂತು ಕೂಗಿದ. “ಅಣ್ಣುಂಗಲ್ಲ! ಕಟ್ದೋನೇ ಬಿಚ್ಬೇಕು. ಆ ಸಾಬಿ ಬಂದು ಬಿಚ್ತಾನೆ ಅಂತ ಇಟ್ಟಿದ್ದು!”

ಒಳಗೆ ಕೆಮ್ಮು ನಿಂತಿತು. ಅವನು ದನಿ ತಗ್ಗಿಸಿದ.

“ಮೀಸೆ ಬರೋಕ್ ಮುಂಚಿಂದ ಅಣ್ಣನ್ ಜತೆ ಉತ್ತ ಬಗೆದೋನು ನಾನು. ಉಣಸಮಾರನಳ್ಳಿ ತೋಪು, ಎಬ್ಬಾಳದ ಕೆರೆ ಏರಿ, ಯಾವ್ ಬಿಲ ಬಿಟ್ಟಿದೀವಿ ಏಳಿ? ಅವ್ನು ಬಾಲ ಇಡೀತಿದ್ದ, ನಾನು ಚೀಲ ಇಡೀತಿದ್ದೆ. ಮರಳುಗಾಡಿಗೆ ಓಗೋಣ ಪಿಳ್ಳಾ, ಒಂಟೆ ಮೇಲೆ ಕುಂತು ಆವು ಉಡುಕೋಣ ಅಂತ ಎಷ್ಟ್ ದಿನ ಏಳಿದ್ದ! ಓಗೋ ಕಾಲ ಬಂದಾಗ ಕ್ಯಾಮೆರಾ ಇರೋನು ಬೇಕಾಯ್ತು. ವಾಪಸ್ ಬಂದ್ಮೇಲೆ ಊಟಕ್ಕೆ ಕುಂತ್ರೆ ಬಾಯ್ತುಂಬ ಅವ್ನೇ. ಮುಜಫ್ಫರ್ ಅಂಗ್ ಮಾಡ್ದ, ಮುಜಫ್ಫರ್ ಇಂಗ್ ಇಡಿದ. ನನ್ ಎಲೆ ಕಡೆ ತಿರುಗೂ ನೋಡ್ಲಿಲ್ಲ. ಒಟ್ಟೆ ಉರೀತು ಕಣ್ರೀ. ಅನ್ನ ಗಂಟಲಲ್ಲಿ ಇಳೀಲಿಲ್ಲ. ಕೈ ತೊಳೆಯೋಕೆ ಅಂತ ಎದ್ದೋಗಿ, ಕೊಟ್ಟಿಗೇಲಿ ಚೀಲ ಬದಲಾಯಿಸ್ದೆ. ಬೇಲೀಲಿ ನನ್ ನಾಗಪ್ಪ ಕಟ್ಟಿಟ್ಟಿದ್ದೆ.”

ಅಂದರೆ ಊಟಕ್ಕೆ ಬರುವಾಗಲೇ ಹಾವನ್ನು ತಂದಿದ್ದ. ಆದರೂ ನನಗೆ ಅವನ ಮೇಲೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಅವನು ಹೇಳಿದ ಉರಿ ಎಂಥದೆಂದು ನನಗೆ ಚೆನ್ನಾಗಿ ಗೊತ್ತು.

“ನಿನ್ನನ್ನ ಯಾಕೆ ಕರಕೊಂಡು ಹೋಗಲಿಲ್ಲ ಗೊತ್ತಾ ಪಿಳ್ಳಣ್ಣ?” ಎಂದೆ. “ನಿನ್ ಹೆಂಡತಿ ಕಾಯಿಲೆ ಬಿದ್ದಿದ್ಲು. ಕರೆದ್ರೆ ಅವಳನ್ನ ಬಿಟ್ಟು ಬಂದೇಬಿಡ್ತಾನೆ, ಅದಕ್ಕೇ ಕರೆಯಲ್ಲ ಅಂತ ಮುನಿಕೃಷ್ಣಮ್ಮನ ಹತ್ರ ಹೇಳಿದ್ದನಂತೆ.”

ಅವನು ಒಳಗಿನ ಬಾಗಿಲ ಕಡೆ ತಿರುಗಿ ನೋಡಿದ.

“ಅವತ್ತು ಬೆಳಿಗ್ಗೆ ಚೀಲ ಯಾಕೆ ಬಿಚ್ಚಿದ ಅನ್ನೋದನ್ನೂ ಕೇಳಿಸ್ಕೊ. ‘ಪಿಳ್ಳ ರಾತ್ರಿ ಮುಖ ಊದಿಸಿಕೊಂಡು ಹೋದ. ಈಗ ಬರ್ತಾನೆ. ಮುಜಫ್ಫರ್ ಬರೋವರ್ಗೂ ಕಾಯೋದು ಬೇಡ, ಹಾವನ್ನ ಮೊದಲು ಅವನೇ ನೋಡಲಿ’ ಅಂದನಂತೆ. ನಿನಗೆ ತೋರಿಸೋಕೆ ಬಿಚ್ಚಿದ್ದು.”

ಪಿಳ್ಳಣ್ಣ ಜಗಲಿಯ ಮೇಲೆ ಕುಸಿದ. ಆಮೇಲೆ ಎರಡೂ ಕೈಯಲ್ಲಿ ತಲೆ ಚಚ್ಚಿಕೊಳ್ಳತೊಡಗಿದ. ಒಳಗಿನಿಂದ ಅವನ ಹೆಂಡತಿ ಗೋಡೆ ಹಿಡಿದುಕೊಂಡು ಬಂದು “ಏನಾಯ್ತು, ಏನಾಯ್ತು” ಎಂದು ಕೇಳುತ್ತಲೇ ಇದ್ದಳು. ಅವನು ಇನ್ನೆಲ್ಲಿಗೂ ಓಡುವವನಲ್ಲ ಎಂದು ನನಗೆ ತಿಳಿಯಿತು.

ಕೇಸು ಮುಗಿಯಿತು. ಇನ್ನು ಠಾಣೆಗೆ ಹೋಗಿ ಚಿಕ್ಕಹನುಮಯ್ಯನ ಮೇಜಿನ ಮೇಲೆ ಈ ಕಾಸನ್ನಿಟ್ಟು ಅವನ ಮುಖ ನೋಡಬೇಕು. ಆ ಸುಖವನ್ನು ನೆನೆಯುತ್ತ ಕಾಸನ್ನು ಜೇಬಿಗಿಳಿಸಿ ಸೈಕಲ್ಲಿನ ಕಡೆ ತಿರುಗಿದೆ. ಆಗ ಜಗಲಿಯ ಮೇಲೆ ಬಿದ್ದಿದ್ದ ದಾರದ ಉಂಡೆ ಕಣ್ಣಿಗೆ ಬಿತ್ತು. ಗೋಣಿ ಹೊಲಿಯುವ ದಾರ.

“ಪಿಳ್ಳಣ್ಣ,” ಉಂಡೆಯನ್ನು ಎತ್ತಿಕೊಂಡು ಕೇಳಿದೆ, “ಚೀಲ ಬದಲಾಯಿಸ್ದೆ ಅಂದ್ಯಲ್ಲ. ಅದರಲ್ಲಿದ್ದ ಮಂಡಲ ಎಲ್ಲಿ?”

ಅವನು ತಲೆಯೆತ್ತಿದ. ಕೆನ್ನೆಯ ಮೇಲೆಲ್ಲ ಕಣ್ಣೀರು.

“ಅಣ್ಣ ಸತ್ಮೇಲೂ ಆ ಸಾಬಿ ಉಸಿರಾಡ್ತವ್ನಲ್ಲ ಅಂತ ತಡ್ಕೊಳ್ಳೋಕಾಗ್ಲಿಲ್ಲ. ಅವ್ನ ಆವು ಅವ್ನಿಗೇ ಕಳಿಸ್ದೆ. ಚಳಿಗೆ ಮರಗಟ್ಟಿತ್ತು, ದಿಂಬಿನೊಳಗೆ ಸುಮ್ಕೆ ಮಲಗ್ತು.” ಬಿಕ್ಕಿದ. “ಬೆಳಿಗ್ಗೆ ನೀವೇ ತಗೊಂಡೋದ್ರಲ್ಲ.”

ಸೈಕಲ್ ಹೇಗೆ ಹತ್ತಿದೆನೋ ತಿಳಿಯದು. ಕಂಬಗಳ ನೆರಳು ಆಗಲೇ ಪೂರ್ವಕ್ಕೆ ವಾಲಿತ್ತು. ಲಾಕಪ್ಪಿನ ಆ ಮೂಲೆಗೆ ಬಿಸಿಲು ಬರುವ ಹೊತ್ತು. ಯಲಹಂಕದವರೆಗೆ ತುಳಿದರೆ ಹೆಣ ನೋಡಬೇಕಾಗುತ್ತದೆ. ಜಾಲಹಳ್ಳಿಯ ಕಾರ್ಖಾನೆಯೊಂದರ ಗೇಟಿನ ಮುಂದೆ ಸೈಕಲ್ ಬಿಸಾಡಿ ಒಳಗೆ ನುಗ್ಗಿ, ಕಾವಲುಗಾರನ ಕಾಲು ಹಿಡಿಯುವುದೊಂದು ಬಾಕಿ ಬಿಟ್ಟು, ಫೋನಿಗೆ ಕೈ ಹಾಕಿದೆ.

“ಹಲೋ, ಯಲಹಂಕ ಠಾಣೆ.” ಚಿಕ್ಕಹನುಮಯ್ಯನೇ. ಕೋರ್ಟಿನ ಕಾಗದಕ್ಕೆಂದು ಪೇಟೆಗೆ ಹೋದವನು ವಾಪಸು ಬಂದಿದ್ದ.

“ಬೈರಣ್ಣ ಮಾತಾಡ್ತಿರೋದು. ಮುಜಫ್ಫರನ್ನ ಆ ಹಾಸಿಗೆಯಿಂದ ಎಬ್ಬಿಸಿ! ಬೆಳಿಗ್ಗೆ ಕೊಟ್ಟ ದಿಂ...”

“ಏನ್ರೀ ಬೈರಣ್ಣ, ನಾನಿಲ್ಲದಾಗ ಕಳ್ಳನ ಹಾಗೆ ನುಗ್ಗಿದ್ರಂತೆ? ನನ್ನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ವಾ ನಿಮಗೆ?”

“ಆಮೇಲೆ ಬೈಯಿರಿ ಸ್ವಾಮಿ! ದಿಂಬು! ಆ ದಿಂಬು ಎಲ್ಲಿದೆ?”

“ಓ, ಅದಾ?” ಅವನು ನಕ್ಕ. ಆ ನಗು ನನಗೆ ಮೊದಲಿನಿಂದಲೂ ಆಗದು. “ಕೊಲೆ ಮಾಡ್ದೋನಿಗೆ ದಿಂಬೇನ್ರೀ? ದಾಸಪ್ಪನ ಕೈಲಿ ಕಿತ್ಕೊಂಡು ಬರೋಕೆ ಹೇಳ್ದೆ. ಜೀಪಲ್ಲಿ ಕುಲುಕಿ ಕುಲುಕಿ ನನ್ನ ಸೊಂಟ ಬಿದ್ದೋಗಿದೆ. ಫೋನಿನ ಪಕ್ಕದ ಕಿಟಕಿ ಬಿಸಿಲಿಗೆ ಕುರ್ಚಿ ಹಾಕ್ಕೊಂಡು, ಬೆನ್ನಿಗೆ ಅದನ್ನೇ ಕೊಟ್ಟು ಕೂತಿದೀನಿ. ಬೆಚ್ಚಗೆ, ಹಾಯಾಗಿದೆ.”

ಜೀಪು, ಫೋಟೋ, ಆ ಕುರ್ಚಿ. ನನ್ನದಾಗಬೇಕಿದ್ದ ಕುರ್ಚಿ. ಒಂದು ಗಳಿಗೆ ನಾನು ಸುಮ್ಮನಿದ್ದರೆ ಸಾಕು, ಇನ್ನೇನೂ ಮಾಡಬೇಕಾಗಿಲ್ಲ. ಜಗಲಿಯ ಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದ ಪಿಳ್ಳಣ್ಣ ಕಣ್ಣ ಮುಂದೆ ಬಂದ. ಅಯ್ಯೋ, ಎಂಥ ಪಾಪಿ ನಾನು!

“ಹನುಮಯ್ಯಾ,” ಎಂದೆ, ಪೇದೆಯಾಗಿದ್ದಾಗ ಕರೆಯುತ್ತಿದ್ದ ಹಾಗೆ, “ನಾನು ಹೇಳೋವರೆಗೂ ಅಲುಗಾಡಬೇಡ ಕಣೋ. ಉಸಿರೂ ಮೆತ್ತಗೆ ಬಿಡು.”

“ಏನು? ಜೋರಾಗಿ ಹೇಳ್ರಿ, ಏನೂ ಕೇಳಿಸ್ತಿಲ್ಲ. ಏನದು ಚೊರ್ ಅನ್ನೋ ಸದ್ದು? ನಿಮ್ಮ ಕಡೆ ಯಾರಾದ್ರೂ ಬಾಣಲೆಗೆ ನೀರು ಹಾಕ್ತಿದಾರಾ?”

ಆ ಗೇಟಿನ ಕೋಣೆಯಲ್ಲಿ ಒಲೆಯೇ ಇರಲಿಲ್ಲ.